ಪ್ಲಗ್ ಕಿತ್ತ ಪ್ರಿಂಟರ್

ಮಾರ್ಚ್ ನಾಲ್ಕು, ಬುಧವಾರ. ಎನ್‌ಕಾರ್ನಾಸಿಯೋನ್ ಊರಿನ ಪೊಲೀಸ್ ಠಾಣೆಗೆ ನರ್ಸಿಂಗ್ ಶಾಲೆಯ ಉಪನಿರ್ದೇಶಕ ವಿಲ್ಫ್ರಿದೊ ಕನ್ಯೇತೆ ದೂರು ತಂದ. ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆ ಸೋರಿದ್ದು ಸರ್ವರ್ ದಾಖಲೆಯಲ್ಲಿ ಕಂಡಿತ್ತು, ದೂರು ಕೊಡಲು ನಿರ್ದೇಶಕರು ಅವನನ್ನು ಕಳಿಸಿದ್ದರು. ಗುಮಾಸ್ತೆ ಸೆಲ್ಸಾಳ ಕಡೆಗೆ ಅವನ ಬೆರಳು.

"ಪತ್ರಿಕೆ ಇಟ್ಟ ಜಾಗಕ್ಕೆ ದಾರಿ ಇರೋದು ಅವಳ ಕಂಪ್ಯೂಟರಿಗೆ, ಪ್ರಿಂಟರಿಗೆ ಮಾತ್ರ. ಸೋಮವಾರ ಮಧ್ಯಾಹ್ನ ಒಂದೂವರೆಗೆ ಪ್ರಿಂಟರಿನ ನೆಟ್‌ವರ್ಕ್ ವಿಳಾಸದಿಂದ ಕದ್ದಿದ್ದಾರೆ. ಪ್ರಿಂಟರ್ ಅವಳ ಕೈಲಿದೆ. ಇನ್ನೇನು ಬೇಕು?"

ಇನ್ಸ್‌ಪೆಕ್ಟರ್ ಲಿದಿಯಾ ಒಕಾಂಪೋಸ್ ಎಫ್‌ಐಆರ್ ದಾಖಲಿಸಿದರು, ಕೋಳ ಮಾತ್ರ ತೊಡಿಸಲಿಲ್ಲ. ಸೆಲ್ಸಾ ನಿವೃತ್ತಿಯ ಹೊಸ್ತಿಲಲ್ಲಿದ್ದಳು. ಬಂಧನವಾದರೆ ಪಿಂಚಣಿಯೂ ಹೋಯಿತು, ಮಾನವೂ ಹೋಯಿತು.

"ಸೋಮವಾರ ಒಂದೂವರೆಗೆ ಎಲ್ಲಿದ್ರಿ, ದೋನ್ಯಾ ಸೆಲ್ಸಾ?"

"ಮನೇಲಿ ಮಲಗಿದ್ದೆ. ಸಿಯೆಸ್ತಾ ಹೊತ್ತು, ಮಧ್ಯಾಹ್ನದ ನಿದ್ದೆ ಬಿಟ್ಟು ಯಾರು ತಾಯಿ ದುಡೀತಾರೆ?"

"ಸಾಕ್ಷಿ?"

"ನನ್ನ ಗೊರಕೆಗೆ ಬೈಕೊಂಡ ಪಕ್ಕದ ಮನೆಯವರು. ಹೊರಡೋ ಮುಂಚೆ ಪ್ರಿಂಟರ್ ಪ್ಲಗ್ ಕಿತ್ತೇ ಹೋಗೋದು ನಾನು. ಒಂದ್ಸಲ ಸಿಡಿಲಿಗೆ ಸುಟ್ಟೋಗಿತ್ತು, ಅವತ್ತಿಂದ."

ಪೇದೆ ಸಾರಾತೆ ಶಾಲೆಯ ಕಾವಲುಗಾರನನ್ನು ವಿಚಾರಿಸಿದ. ಸೋಮವಾರವೂ ಅವಳು ಪ್ಲಗ್ ಕಿತ್ತದ್ದನ್ನು ಆತ ಕಂಡಿದ್ದ. ಅಂದರೆ ಕರೆಂಟೇ ಇಲ್ಲದ ಪ್ರಿಂಟರ್ ಕಳ್ಳತನ ಮಾಡಿತ್ತು.

ಶಾಲೆಯ ನೆಟ್‌ವರ್ಕ್ ನೋಡಿಕೊಳ್ಳುವವಳು ಮಿರ್ತಾ ಬ್ರಿತೆಸ್. ಸೋಮವಾರ ಅವಳು ಊರಲ್ಲೇ ಇರಲಿಲ್ಲ.

"ಯಾವ ಯಂತ್ರ ಬಂದ್ರೂ ಸರ್ವರ್ 'ನೀನ್ಯಾರು' ಅನ್ನುತ್ತೆ, ಮೇಡಂ. ಉತ್ತರ ನೋಡಿ ಐಪಿ ವಿಳಾಸ ಕೊಡುತ್ತೆ. ಕಚೇರಿಗೊಂದು ವಿಳಾಸದ ಸಾಲು, ಪ್ರಿಂಟರಿಗೊಂದು, ವಿದ್ಯಾರ್ಥಿಗಳ ಫೋನಿಗೆ ಇನ್ನೊಂದು. ಅದೇ ಡಿಎಚ್‌ಸಿಪಿ ಪಾಲಿಸಿ."

"ಲ್ಯಾಪ್‌ಟಾಪು 'ನಾನು ಪ್ರಿಂಟರು' ಅಂತ ಸುಳ್ಳು ಹೇಳಿದ್ರೆ?"

ಮಿರ್ತಾ ನಾಲಗೆ ಕಚ್ಚಿಕೊಂಡಳು. "ನಂಬಿಬಿಡುತ್ತೆ."

"ಹಾಗಾದ್ರೆ ನಂಬಿದ ಹಾಗೆ ನಾಟಕ ಆಡ್ಲಿ."

ಲಿದಿಯಾ ಹೇಳಿಕೊಟ್ಟಂತೆ, ಹೊಸ ಪತ್ರಿಕೆ ಸಿದ್ಧವಾಗಿದೆಯೆಂದು ನಿರ್ದೇಶಕರು ಎಲ್ಲರೆದುರು ಹೇಳಿದರು. ಮಿರ್ತಾ ಪಾಲಿಸಿ ಬದಲಿಸಿದಳು. ನಿಜವಾದ ಪ್ರಿಂಟರಿಗೆ, ಅದರ ಯಂತ್ರಸಂಖ್ಯೆ ನೋಡಿ, ಹಳೆಯ ವಿಳಾಸ. ಪ್ರಿಂಟರ್ ಎಂದು ಹೇಳಿಕೊಂಡು ಬರುವ ಬೇರೆ ಯಾವುದಕ್ಕೂ ಬೇರೆಯೇ ಸಾಲು. ಆ ಸಾಲಿನವರಿಗೆ ಸಿಗುವುದು ಹೋದ ವರ್ಷದ ಪತ್ರಿಕೆ.

ಶುಕ್ರವಾರ ಸಿಯೆಸ್ತಾ ಹೊತ್ತು. ಸೆಲ್ಸಾ ಪ್ಲಗ್ ಕಿತ್ತು ಮನೆಗೆ ಹೋದಳು. ಕಟ್ಟಡ ನಿದ್ದೆ ಹೋಯಿತು. ಒಂದೂಮುಕ್ಕಾಲಿಗೆ ಹೊಸ ಸಾಲಿನಲ್ಲಿ ಒಂದು ವಿಳಾಸ ಎದ್ದಿತು.

"ಮಹಡಿಯ ವೈಫೈ. ಕೊನೇ ಕೋಣೆ," ಕೆಳಗೆ ಪೊಲೀಸರೊಡನೆ ಕಾದು ಕೂತಿದ್ದ ಮಿರ್ತಾ ಪಿಸುಗುಟ್ಟಿದಳು.

ಸಾರಾತೆ ಬಾಗಿಲು ತೆರೆದಾಗ ಕನ್ಯೇತೆ ತಣ್ಣನೆಯ ಸೊಪ್ಪಿನ ಪಾನೀಯ ತೆರೆರೆ ಹೀರುತ್ತ ಲ್ಯಾಪ್‌ಟಾಪಿನ ಮುಂದಿದ್ದ. ರಾಜಧಾನಿಯಿಂದ ಬಂದವನು, ಈ ಊರಿನ ಸಿಯೆಸ್ತಾ ಅವನಿಗೆ ಸೋಮಾರಿಗಳ ಚಟ. ಆ ಹೊತ್ತಲ್ಲಿ ಪ್ರಿಂಟರ್ ಕೂಡ ಮಲಗುತ್ತದೆಂದು ಅವನಿಗೆ ಹೊಳೆದೇ ಇರಲಿಲ್ಲ.

"ಏನ್ ಸಾಹೇಬ್ರೆ, ಪ್ರಿಂಟರಿಗೆ ಬಾಯಾರಿಕೆನಾ?" ಎಂದ ಸಾರಾತೆ. ಪಂಚನಾಮೆ ಮುಗಿಸಿ ಲ್ಯಾಪ್‌ಟಾಪ್ ವಶಪಡಿಸಿಕೊಂಡರು. ಕನ್ಯೇತೆಯ ಬಂಧನವಾಯಿತು.

ಸೋಮವಾರ ಸೆಲ್ಸಾ ಕಚೇರಿಗೆ ಬಂದಾಗ ಇಡೀ ಶಾಲೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವಳು ಅತ್ತಳು, ನಕ್ಕಳು, ಪ್ಲಗ್ ಹಾಕಿ ನಿಜವಾದ ಹೊಸ ಪತ್ರಿಕೆ ಮುದ್ರಿಸಿದಳು.

ಕನ್ಯೇತೆಯ ಹೇಳಿಕೆ ಚಿಕ್ಕದು. ಬಸ್ಸುಗಳಲ್ಲಿ ಚಿಪಾ ರೊಟ್ಟಿ ಮಾರಿ ಅವನನ್ನು ಓದಿಸಿದವಳು ಅವನ ಅಕ್ಕ. ಆಕೆಯ ಮಗಳು ಎರಡು ಸಲ ಫೇಲಾಗಿದ್ದಳು. ಮೂರನೆಯ ಸಲ ಸೋಲಲು ಬಿಡುವುದಿಲ್ಲವೆಂದು ಅಕ್ಕನಿಗೆ ಮಾತು ಕೊಟ್ಟಿದ್ದ. ಕದ್ದ ಪತ್ರಿಕೆಯನ್ನು ಹುಡುಗಿ ತೆರೆದೂ ನೋಡದೆ ಹಿಂದಿರುಗಿಸಿದ್ದಳೆಂಬುದು ವಿಚಾರಣೆಯಲ್ಲಿ ಸಾಬೀತಾಯಿತು. ಹೊಸ ಪರೀಕ್ಷೆಯನ್ನು ಅವಳೂ ಬರೆದಳು, ಪಾಸಾದಳು.