ಇದು ಯಾರ ವಾರ?

"ಮಂಚಾನೂ ಹೊರಟಿತಾ?!"

ಗೇಟಿನ ಬಳಿ ನಿಂತ ಅವಳ ಧ್ವನಿಗೆ ಟೆಂಪೋ ಡ್ರೈವರ್ ಬೆಚ್ಚಿಬಿದ್ದ. ಮಂಚದ ತಲೆಹಲಗೆ ಹೊತ್ತಿದ್ದ ಗಂಡ ಮಾತ್ರ ತುಟಿ ಪಿಟಕ್ ಎನ್ನಲಿಲ್ಲ.

"ಮೊದಲು ಊಟದ ಟೇಬಲ್ ಹೋಯ್ತು. ಆಮೇಲೆ ಮಗು ಓದೋ ಮೇಜು. ಈಗ ಮಂಚ! ಹೊಸ ಮನೆ ಮಾಡ್ತಿದ್ದೀರಾ? ಮಾಡಿ, ಧಾರಾಳವಾಗಿ ಮಾಡಿ. ಆದ್ರೆ ನನ್ನ ಮಗಳು ಮಲಗೋ ಮಂಚ ಎತ್ಕೊಂಡು ಹೋಗಿ ಮಾಡ್ಬೇಡಿ!"

ಅವನು ಬೀಗದ ಕೈಯನ್ನು ಅವಳ ಅಂಗೈಗಿಟ್ಟು ಟೆಂಪೋ ಹತ್ತಿದ.

ಪ್ರತಿ ಭಾನುವಾರ ಸಂಜೆ ಈ ಬಾಗಿಲಲ್ಲಿ ಒಬ್ಬರು ಬರುತ್ತಾರೆ, ಒಬ್ಬರು ಹೋಗುತ್ತಾರೆ. ಹಿಂದೆಲ್ಲ ಗಂಡ ಹೆಂಡತಿ ಕೋರ್ಟು ಹತ್ತಿದರೆ ಚೀಲ ಹೊತ್ತು ಅತ್ತಿಂದಿತ್ತ ಅಲೆಯುತ್ತಿದ್ದುದು ಮಕ್ಕಳು. ಹೊಸ ಕಾನೂನು ಬಂದ ಮೇಲೆ ಚೀಲ ದೊಡ್ಡವರ ಹೆಗಲಿಗೆ ಬಂತು. ಕೇಸು ಮುಗಿಯುವವರೆಗೂ ಮನೆ ಮಗುವಿನದು. ಒಂದು ವಾರ ಅಮ್ಮ, ಒಂದು ವಾರ ಅಪ್ಪ. ತನ್ನದಲ್ಲದ ವಾರ ಅವಳು ಅಕ್ಕನ ಮನೆಗೆ ಹೋಗುತ್ತಿದ್ದಳು. ಬಡಗಿಯಾದ ಅವನು ತನ್ನ ವರ್ಕ್‌ಶಾಪಿನಲ್ಲೇ ಮಲಗುತ್ತಿದ್ದ.

ಅವಳಿಗೆ ಹಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ್ ಪಕ್ಕ ನಿಲ್ಲುವ ಕೆಲಸ. 'ಬಾಯಿ ತೆರೀರಿ, ಇನ್ನೂ ಸ್ವಲ್ಪ ದೊಡ್ಡದಾಗಿ' ಎಂದು ದಿನವಿಡೀ ಹೇಳುವವಳು. ಕಂಡಕಂಡವರ ಬಾಯಿ ತೆರೆಸುವವಳಿಗೆ ಕಟ್ಟಿಕೊಂಡ ಗಂಡನ ಬಾಯಿ ಮಾತ್ರ ತೆರೆಸಲು ಆಗಲಿಲ್ಲ! ಮದುವೆಯಾದಂದಿನಿಂದ ಬಾಯಿ ತುಂಬ 'ರೀ' ಎಂದು ಕರೆಯುತ್ತಿದ್ದವಳು, ಕೇಸು ಹಾಕಿದ ದಿನ ಆ ಒಂದಕ್ಷರವನ್ನೂ ನುಂಗಿಕೊಂಡಿದ್ದಳು.

ಆ ರಾತ್ರಿ ತಾಯಿ ಮಗಳು ನೆಲದ ಮೇಲೆ ಹಾಸಿಗೆ ಹಾಸಿದರು. ಖಾಲಿ ಕೋಣೆ ನೋಡಿ ಅವಳ ಎದೆಯಲ್ಲಿ ಹಳೆಯ ಗಾಯ ಕೀವು ಕಟ್ಟಿತು.

ಎರಡು ವರ್ಷದ ಹಿಂದೆಯೂ ಹೀಗೇ ಅಲ್ಲವೇ ಆಗಿದ್ದು? ಎರಡನೆಯ ಮಗು ಹೊಟ್ಟೆಯಲ್ಲೇ ಹೋಯಿತು. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದು ನೋಡಿದರೆ, ಅವನೇ ಕೂತು ಮಾಡಿದ್ದ ತೊಟ್ಟಿಲು ಇಲ್ಲ! 'ಎಲ್ಲಿ?' ಎಂದರೆ ಉತ್ತರವಿಲ್ಲ. ಅವಳು ಅತ್ತಳು, ಕೂಗಾಡಿದಳು. ಅವನು ವರ್ಕ್‌ಶಾಪಿಗೆ ಹೋಗಿ ಕೂತ. ಮಗುವೇ ಬಂದಿರಲಿಲ್ಲ ಎಂಬಂತೆ ಎಲ್ಲ ಗುಡಿಸಿ ಹಾಕಿದನಲ್ಲ... ಅಂದು ಮುರಿದ ಮನಸ್ಸು ಮತ್ತೆ ಕೂಡಲೇ ಇಲ್ಲ.

'ಇನ್ನು ಸಾಕು,' ಎಂದುಕೊಂಡಳು.

ಸೋಮವಾರ ಬೆಳಿಗ್ಗೆಯೇ ವಕೀಲರ ಮುಂದೆ ಕೂತಳು.

"ಮೊದಲಾದ್ರೆ ಇನ್ನೂ ಆರು ತಿಂಗಳು ಕಾಯ್ಲೇಬೇಕಿತ್ತಮ್ಮ," ಎಂದರು ವಕೀಲರು. "ಈಗ ಇಬ್ಬರೂ ಒಪ್ಪಿದ್ರೆ ಅದು ಬೇಕಿಲ್ಲ. ಶುಕ್ರವಾರವೇ ಮುಗಿಸಬಹುದು. ಅವರು ಒಪ್ತಾರಾ?"

"ಕೇಳಿ ನೋಡಿ. ಅವರು ಯಾವುದಕ್ಕೂ ಇಲ್ಲ ಅನ್ನೋರಲ್ಲ. ಹೂಂ ಅನ್ನೋರೂ ಅಲ್ಲ."

ಸಂಜೆಯೊಳಗೆ ವಕೀಲರ ಫೋನ್ ಬಂತು. ಅವನು ಒಪ್ಪಿದ್ದ. ಅವಳಿಗೆ ಸಮಾಧಾನವಾಗಬೇಕಿತ್ತು... ಆಗಲಿಲ್ಲ.

ಬುಧವಾರ ಊಟಕ್ಕೆ ಕೂತಾಗ ಮಗಳು ಒಂದೇ ಕಡೆ ಅಗಿಯುತ್ತಿದ್ದುದು ಅವಳ ಕಣ್ಣಿಗೆ ಬಿತ್ತು. ಮಾತು ಶುರುವಾದರೆ ಪಟಪಟ ನಿಲ್ಲದ ಆ ಏಳು ವರ್ಷದ ಹುಡುಗಿಗೆ ಮನೆಯಲ್ಲಿ ಚಿನಕುರುಳಿ ಎಂದೇ ಹೆಸರು. ಇವತ್ತು ಮಾತೇ ಇಲ್ಲ.

"ಬಾಯಿ ತೆರೆ, ಚಿನಕುರುಳಿ."

ಮುಂದಿನ ಹಲ್ಲೊಂದು ಇನ್ನೇನು ಬಿತ್ತು ಎನ್ನುವಂತೆ ನೇತಾಡುತ್ತಿತ್ತು.

"ಅಯ್ಯೋ, ಒಂದೇ ಒಂದು ಸಲ ಮುಟ್ಟಿದ್ರೆ ಬರುತ್ತೆ. ಬಾ ಇಲ್ಲಿ."

"ಬೇಡ!" ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಇದು ನಿನ್ನ ವಾರ!"

"ಅದಕ್ಕೂ ಹಲ್ಲಿಗೂ ಏನೇ ಸಂಬಂಧ?"

"ಹೋದ ಹಲ್ಲು ಅಪ್ಪನ ವಾರದಲ್ಲಿ ಬಿತ್ತು, ನೀನು ನೋಡಲೇ ಇಲ್ಲ. ಇದು ನಿನ್ನ ವಾರದಲ್ಲಿ ಬಿದ್ರೆ ಅಪ್ಪ ನೋಡಲ್ಲ. ಭಾನುವಾರ ಬೀಗದ ಕೈ ಕೊಡುವಾಗ ಇಬ್ಬರೂ ಇರ್ತೀರಲ್ಲ... ಅಲ್ಲೀ ತನಕ ಹಿಡ್ಕೊಂಡಿರ್ತೀನಿ."

ಅವಳ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

ಕಾನೂನು ಮಗುವಿಗೆ ಮನೆ ಕೊಟ್ಟಿತ್ತು, ಕೋಣೆ ಕೊಟ್ಟಿತ್ತು. ಆದರೆ ಮಗು ಬದುಕುತ್ತಿದ್ದುದು ಬಾಗಿಲ ಬಳಿಯ ಆ ಐದು ನಿಮಿಷಕ್ಕೆ! 'ಅದನ್ನೂ ನಾವು ಜಗಳ ಆಡಿ ಹಾಳು ಮಾಡಿದ್ವಲ್ಲ...' ಅವಳಿಗೆ ದುಃಖ ಉಕ್ಕಿ ಬಂತು. ಆದರೆ ಅಳುತ್ತಾ ಕೂರುವ ಹೆಂಗಸಲ್ಲ ಅವಳು. ಮಾರನೆಯ ದಿನ ಮಧ್ಯಾಹ್ನ ರಜೆ ಹಾಕಿ ನೇರ ವರ್ಕ್‌ಶಾಪಿಗೆ ನಡೆದಳು.

ಒಳಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು. ಅವಳ ಊಟದ ಟೇಬಲ್, ಮಗಳ ಮೇಜು, ಮಂಚ... ಎಲ್ಲ ಸಾಲಾಗಿದ್ದವು. ಎಲ್ಲಕ್ಕೂ ಹೊಸ ಪಾಲಿಶ್. ಅವನು ಮಂಚದ ಕಾಲಿಗೆ ಉಪ್ಪು ಕಾಗದ ತಿಕ್ಕುತ್ತಿದ್ದ.

"ಏನಿದು?"

"ಅಲುಗಾಡ್ತಿತ್ತು." ಅವನು ತಲೆ ಎತ್ತಲಿಲ್ಲ. "ನಾಳೆ ಮುಗಿದ ಮೇಲೆ ಮನೆ ನಿನಗೇ ಬಿಟ್ಟುಕೊಡೋಣ ಅಂತ. ಆಮೇಲೆ ರಿಪೇರಿಗೆ ನೀನು ಯಾರ ಹಿಂದೆ ಅಲೀತೀಯ?"

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕರಗಿಬಿಡುತ್ತಿದ್ದರೇನೋ. ಅವಳಿಗೆ ಬಂದದ್ದು ಮೈಯೆಲ್ಲ ಉರಿಯುವ ಸಿಟ್ಟು!

"ಮತ್ತೆ ಅದೇ! ನನ್ನನ್ನ ಒಂದು ಮಾತು ಕೇಳ್ದೆ ನೀವೇ ತೀರ್ಮಾನ ಮಾಡೋದು. ಮನೆ ಬೇಕು ಅಂತ ನಾನು ಕೇಳಿದ್ನಾ? ಅವತ್ತು ತೊಟ್ಟಿಲಿಗೂ ಹೀಗೇ ಮಾಡಿದ್ರಿ. ಮುರಿದು ಒಲೆಗೆ ಹಾಕಿದ್ರಾ ಅದನ್ನ?"

ಅವನ ಕೈ ನಿಂತಿತು. ಎದ್ದು ಮೂಲೆಗೆ ಹೋಗಿ ಒಂದು ಹಳೆಯ ಬೆಡ್‌ಶೀಟ್ ಸರಿಸಿದ. ತೊಟ್ಟಿಲು ಹಾಗೇ ಇತ್ತು. ಒಂದು ಮೊಳೆಯೂ ಕಿತ್ತಿರಲಿಲ್ಲ.

"ನಿನ್ನ ಕಣ್ಣಿಗೆ ಬೀಳೋದು ಬೇಡ ಅಂತ ತಂದೆ. ಬಿಚ್ಚೋಕೆ ನನ್ನ ಕೈ ಬರಲಿಲ್ಲ." ಅವನು ತೊಟ್ಟಿಲ ಮೇಲಿನ ಧೂಳು ಒರೆಸಿದ. "ನನಗೂ ಅಳು ಬರ್ತಿತ್ತು ಕಣೇ. ಇಬ್ಬರೂ ಅಳ್ತಾ ಕೂತ್ರೆ ಮನೆ ನೋಡ್ಕೊಳ್ಳೋರು ಯಾರು ಅಂತ... ಇಲ್ಲಿ ಬಂದು ಅಳ್ತಿದ್ದೆ."

"ಒಬ್ಬರೇ?"

"ಹೂಂ."

"ಇಬ್ಬರೂ ಒಟ್ಟಿಗೆ ಅಳೋಕೆ ತಾನೇ ಮನೆ ಅಂತ ಒಂದಿರೋದು!"

ಅವಳು ತೊಟ್ಟಿಲ ಅಂಚು ಹಿಡಿದು ಅತ್ತಳು. ಅವನೂ ಅತ್ತ. ಈ ಸಲ ಅವನು ಎದ್ದು ಹೋಗಲಿಲ್ಲ.

ಕಣ್ಣೊರೆಸಿಕೊಂಡು ಅವಳೇ ಮೊದಲು ಮಾತಾಡಿದಳು. "ನಾಳೆ ಕೋರ್ಟಿನಲ್ಲಿ ನಾನು ಒಂದು ಮಾತು ಹೇಳ್ತೀನಿ. ಏನು ಅಂತ ಈಗಲೇ ಹೇಳ್ತೀನಿ. ನಾನು ನಿಮ್ಮ ಹಾಗಲ್ಲ. ಒಪ್ಪಿಗೆ ಇದ್ರೆ ಹೂಂ ಅನ್ನಿ, ಇಲ್ಲದಿದ್ರೆ ಜಗಳ ಆಡಿ. ಸುಮ್ಮನೆ ಮಾತ್ರ ಇರ್ಬೇಡಿ."

ಅವಳು ಹೇಳಿದಳು. ಅವನು ಹೂಂ ಎಂದ.

ಶುಕ್ರವಾರ ನ್ಯಾಯಾಧೀಶೆ ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು. "ಕಾಯೋ ಅವಧಿ ಬೇಡ ಅಂತ ಕೇಳಿದ್ದೀರಿ. ಇವತ್ತೇ ಮುಗಿಸಬಹುದು."

"ಬೇಡ ಮೇಡಂ," ಎಂದಳು ಅವಳು. "ನಮಗೆ ಆ ಆರು ತಿಂಗಳು ಬೇಕು. ಒಂದೇ ಮನೆಯಲ್ಲಿ, ಮೂವರೂ."

ವಕೀಲರು ಹಣೆ ಹಣೆ ಚಚ್ಚಿಕೊಂಡರು.

"ಆಮೇಲೆ?"

"ಇವರು ಬಾಯಿ ಬಿಟ್ಟು ಬಾಳಿದ್ರೆ ಕೇಸು ವಾಪಸ್. ಮತ್ತೆ ಬಾಯಿಗೆ ಬೀಗ ಹಾಕ್ಕೊಂಡ್ರೆ ನಾನೇ ಬಂದು ಸಹಿ ಹಾಕ್ತೀನಿ. ಮಗಳಿಗೋಸ್ಕರ ಸುಳ್ಳು ಸಂಸಾರ ಮಾಡಲ್ಲ ಮೇಡಂ."

ನ್ಯಾಯಾಧೀಶೆ ಅವನತ್ತ ತಿರುಗಿದರು. "ನೀವೇನು ಹೇಳ್ತೀರಿ?"

ಅವನು ಬೆವರು ಒರೆಸಿಕೊಂಡ. "ನಾನು... ಹೇಳದೆ ಹೇಳದೆ ಇಲ್ಲೀ ತನಕ ಬಂದೆ ಮೇಡಂ. ಇವಳು ಬೇಕು ನನಗೆ. ಇಷ್ಟು ಹೇಳೋಕೆ ಎರಡು ವರ್ಷ ಆಯ್ತು."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಭಾನುವಾರ ಸಂಜೆ ಟೆಂಪೋ ಬಂತು. ಮಂಚ ಒಳಗೆ ಬಂತು, ಟೇಬಲ್ ಬಂತು, ಕೊನೆಗೆ ತೊಟ್ಟಿಲೂ ಬಂತು. ಅವಳು ಹೊರಡಲಿಲ್ಲ. ಅವನು ಬೀಗದ ಕೈಗೆ ಕೈ ಚಾಚಲಿಲ್ಲ.

ಹೊಸ್ತಿಲಲ್ಲಿ ನಿಂತ ಚಿನಕುರುಳಿ ಇಬ್ಬರನ್ನೂ ಮಿಕಿಮಿಕಿ ನೋಡಿದಳು. "ಇದು ಯಾರ ವಾರ?"

"ನಮ್ಮದು," ಎಂದ ಅವನು. ಅವಳಿಗಿಂತ ಮೊದಲು!

ಮಗಳು ತಡಮಾಡಲಿಲ್ಲ. ಬಾಯಿಗೆ ಕೈ ಹಾಕಿ ಹಲ್ಲನ್ನು ಒಮ್ಮೆ ತಿರುಚಿ ಕಿತ್ತು, ಇಬ್ಬರ ಮುಂದೆಯೂ ಹಿಡಿದಳು. "ನೋಡಿ!" ಎಂದು ಬೊಚ್ಚುಬಾಯಿ ಬಿಟ್ಟು ನಕ್ಕು, ಕನ್ನಡಿ ಹುಡುಕಿಕೊಂಡು ಒಳಗೆ ಓಡಿದಳು.

ಬಾಗಿಲಲ್ಲಿ ಇಬ್ಬರೇ ಉಳಿದರು.

"ಏನಾದ್ರೂ ಮಾತಾಡಿ, ರೀ."

ರೀ! ಆ ಒಂದಕ್ಷರಕ್ಕೆ ಅವನ ಕಣ್ಣು ತುಂಬಿಕೊಂಡಿತು.

"ನೀನಿಲ್ಲದೆ ನನಗೆ ನಿದ್ದೆ ಬರ್ತಿರಲಿಲ್ಲ."

"ಬರುತ್ತೆ ಹೇಗೆ? ಮಂಚ ಎಲ್ಲಾ ಬಿಚ್ಚಿ ಇಟ್ಕೊಂಡಿದ್ರಲ್ಲ," ಎಂದು ಕೆಣಕಿದಳು.

"ಮಂಚ ಇದ್ದಾಗಲೂ ಬರ್ತಿರಲಿಲ್ಲ."

ಅವಳು ಅವನ ತೋಳಿಗಂಟಿದ್ದ ಮರದ ಪುಡಿ ಕೊಡವಿದಳು. ಕೈ ಅಲ್ಲೇ ಉಳಿಯಿತು.

"ಹೂಂ... ಆಮೇಲೆ? ಹೇಳ್ತಾ ಇರಿ."