ಹದಿನೇಳನೇ ಸಾಲು

ಹದಿನೇಳನೇ ಸಾಲಿನಲ್ಲಿ ಒಂದು ಮೊಗ್ಗೂ ಉದುರಿರಲಿಲ್ಲ. ಮೆಹಜಬೀನ ಬಗ್ಗಿ ಮತ್ತೊಮ್ಮೆ ನೆಲ ಹುಡುಕಿದಳು.

ಬೇರೆ ಯಾರಾದರೂ ಆಗಿದ್ದರೆ ಕುಣಿಯುತ್ತಿದ್ದರು. ಕುಷ್ಟಗಿ ಹೊರಗಿನ ಈ ಪ್ರಯೋಗದ ಹೊಲದಲ್ಲಿ ಮೂರು ವರ್ಷದಿಂದ ಅವಳು ಹುಡುಕುತ್ತಿದ್ದುದು ಬಿಸಿಲು ತಾಳುವ ಹತ್ತಿಯನ್ನೇ. ಹೂವು ಏಪ್ರಿಲ್ ಬಿಸಿಲಿಗೆ ಸಿಕ್ಕಲೆಂದೇ ಕಾಲ ತಪ್ಪಿಸಿ ಬಿತ್ತಿಸಿದ್ದಳು. ಸಾಲಿಗೊಂದು ತಳಿ, ಹತ್ತೇ ಗಿಡ, ಎಲ್ಲಕ್ಕೂ ಒಂದೇ ಅಳತೆಯ ನೀರು. ಉಳಿದ ಸಾಲುಗಳಲ್ಲಿ ನಲವತ್ತೆರಡು ಡಿಗ್ರಿಗೆ ಹೂವಿನ ಪರಾಗ ಸತ್ತು, ಮೊಗ್ಗು, ಎಳೆಗಾಯಿ ಎಲ್ಲ ನೆಲ ಸೇರಿದ್ದವು. ಇದೊಂದು ಸಾಲು ಮಾತ್ರ ಮದುವೆ ಮನೆಯ ಹಾಗೆ ನಿಂತಿತ್ತು. ನಾಳೆ ತಪಾಸಣೆಯವರು ಬರುತ್ತಾರೆ. ತೋರಿಸಲು ಒಂದು ತಳಿಯೂ ಇಲ್ಲದಿದ್ದರೆ ಪ್ರಯೋಗಕ್ಕೆ ಬೀಗ.

ಮಟಮಟ ಮಧ್ಯಾಹ್ನ ಎಲೆ ಮುಟ್ಟಿದಳು. ತಣ್ಣಗಿತ್ತು. ಹತ್ತಿ ಎಲೆಯಿಂದಲೇ ಬೆವರಿ ಮೈ ತಂಪು ಮಾಡಿಕೊಳ್ಳುತ್ತದೆ. ಅಷ್ಟು ಬೆವರಲು ನೀರು ಎಲ್ಲಿಂದ ಬಂತು?

* * *

ಮೊದಲ ಗುಮಾನಿ ಪಂಪು ನೋಡಿಕೊಳ್ಳುವ ಇಲಿಯಾಸನ ಮೇಲೆ.

"ಪೈಪ್ ಎಲ್ಲೆರ ಸೋರಾಕತ್ತೈತೇನು?"

"ಇಲ್ರಿ ಮೇಡಂ. ಮೀಟರ್ ನೋಡ್ರಿ ಬೇಕಾರ."

ಮೀಟರ್ ಸರಿಯಾಗಿಯೇ ಇತ್ತು.

"ತಳೀನ ಗಟ್ಟಿ ಐತಿ ಅಂದ್ರ ನಂಬವಲ್ರಿ ನೀವು," ಎಂದು ನಕ್ಕ.

ಆ ಆಸೆ ಅವಳಿಗೂ ಇತ್ತು. ಆದರೆ ಹೋಲಿಸಿ ನೋಡಲೆಂದು ಅದೇ ಬೀಜವನ್ನು ಹೊಲದ ಆಚೆ ತುದಿಯ ನಾಲ್ಕನೇ ಸಾಲಿನಲ್ಲೂ ಹಾಕಿಸಿದ್ದಳು. ದಾಪುಗಾಲು ಹಾಕಿದಳು. ಅಲ್ಲಿ ಎಲೆ ಬಿಸಿಯಾಗಿತ್ತು. ಗಿಡಗಳು ಬೋಳಾಗಿದ್ದವು.

ಅಂದರೆ ತಳಿ ಗಟ್ಟಿಯಿಲ್ಲ. ಯಾರೋ ಕೈ ಹಾಕಿದ್ದಾರೆ.

* * *

ಹದಿನೇಳರ ಬುಡ ಕೆದರಿದಳು. ಮೇಲೆ ಒಣ ಮಣ್ಣು, ನಾಲ್ಕು ಬೆರಳು ಕೆಳಗೆ ಹಸಿ. ಪಕ್ಕದಲ್ಲಿ ಇರುವೆಗಳು ಸಜ್ಜೆ ಕಡುಬಿನ ಚೂರು ಎಳೆಯುತ್ತಿದ್ದವು. ಸೀಗೆ ಹುಣ್ಣಿಮೆಗೆ ಪೈರನ್ನು ಬಸುರಿಯೆಂದು ತಿಳಿದು ಹೊಲಕ್ಕೆಲ್ಲ ಕಡುಬು ಚೆಲ್ಲುತ್ತಾರೆ, ಚರಗ ಎನ್ನುತ್ತಾರೆ. ಏಪ್ರಿಲ್‌ನಲ್ಲಿ ಎಲ್ಲಿಯ ಚರಗ?

ಬೇವಿನ ನೆರಳಲ್ಲಿ ಕೂಲಿ ಹೆಂಗಸರು ಊಟಕ್ಕೆ ಕೂತಿದ್ದರು. ಎಲ್ಲರ ಪಕ್ಕ ಬುತ್ತಿ ಗಂಟು. ಶರಣಬಸಮ್ಮನ ಪಕ್ಕ ಮಾತ್ರ ತಲೆಯ ಮೇಲೆ ಕೊಡ ಹೊರುವ ಸಿಂಬಿಯೂ ಇತ್ತು. ಅದರ ಒಳಸುತ್ತು ಇನ್ನೂ ಹಸಿಯಿತ್ತು.

"ಅಕ್ಕಾ, ಬುತ್ತಿ ಕೈಯಾಗ ತರ್ತೀರಿ. ಸಿಂಬಿ ಯಾಕ ಬೇಕಾತು?"

ಶರಣಬಸಮ್ಮ ಅಗಿಯುವುದನ್ನು ನಿಲ್ಲಿಸಿದಳು.

"ನಸಿಕಿನ್ಯಾಗ ನೀರ ಹಾಕಿ, ಮ್ಯಾಲ ಒಣ ಮಣ್ಣ ಎಳದೀರಿ. ಚರಗಾ ಚೆಲ್ಲೀರಿ. ಆ ಸಾಲಿನ ಮೊಗ್ಗಿ ಎಣಸಾಕಿ ನೀವೊಬ್ಬಾಕಿನ."

"ಉದುರಿದ್ದನ್ನ ದಿನಾ ಉಡಿಯಾಗ ಆರಿಸಿ ಎಣಸಂದ್ರಿ. ಎಷ್ಟ ದಿನ ಎಣಸ್ಲಿರಿ? ಬಸರಿ ಹೆಣ್ಣಮಗಳು ಬಾಯಾರಿ ನಿಂತಾಗ ನೀರ ಕೊಡಬ್ಯಾಡ ಅಂತ ಯಾರ ಹೇಳ್ತಾರ್ರಿ?"

"ನೀರ ಎಲ್ಲಿದು?"

"ನಮ್ಮನೀದ್ರಿ."

ಅವಳ ಓಣಿಗೆ ನಲ್ಲಿ ನೀರು ಬರುವುದು ಎಂಟು ದಿನಕ್ಕೊಮ್ಮೆ. ಬೈಯುವುದು ಬಿಟ್ಟು ಮೆಹಜಬೀನ ರಿಜಿಸ್ಟರ್ ಎತ್ತಿಕೊಂಡಳು. ಸುಮ್ಮನಿದ್ದರೆ ನಾಳೆ ಈ ತಳಿ ಗೆಲ್ಲುತ್ತದೆ. ಮುಂದೆ ಇದೇ ಶರಣಬಸಮ್ಮನ ಊರವರು ನಂಬಿ ಬಿತ್ತುತ್ತಾರೆ. ಎಕರೆಗಟ್ಟಲೆ ಗಿಡಕ್ಕೆ ಕೊಡ ಹೊರುವವರು ಯಾರು?

ಪುಟ ತೆರೆದು ಬರೆದಳು: ಹದಿನೇಳು, ಹೊರಗಿನ ನೀರು ಬಿದ್ದಿದೆ, ಲೆಕ್ಕಕ್ಕಿಲ್ಲ. ಮೂರು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು. ಸಿಟ್ಟು ಮಾಡೋಣವೆಂದರೆ, ಮನೆಯ ನೀರು ಹೊತ್ತು ತಂದವಳ ಮೇಲೆ ಹೇಗೆ?

"ತಪ್ಪಾತ್ರಿ," ಅಂದಳು ಶರಣಬಸಮ್ಮ. ಸಿಂಬಿ ಎತ್ತಿಕೊಂಡು ಮೆಲ್ಲಗೆ ಕೇಳಿದಳು. "ಇನ್ನೊಂದ ಕೊಡ ಬೇವಿನ ಹಿಂದ ಇಟ್ಟೀನ್ರಿ. ಹೆಂಗೂ ಲೆಕ್ಕಕ್ಕಿಲ್ಲಲ್ರಿ, ಹಾಕಲ್ಯಾ?"

ಮೆಹಜಬೀನ ಮುಖ ಆ ಕಡೆ ತಿರುಗಿಸಿಕೊಂಡಳು.

"ಹಾಕ್ರಿ," ಅಂದಳು.