ಪಾದ್ರಿಗೆ ಬಡಿಸಿದ ಎಲೆ

೨೦೧೪ರಲ್ಲಿ ನಾನು ಗಲ್ಫಿನ ಅಲ್ ಐನ್‌ನಲ್ಲಿ, ಅಲ್ಲಿನ ಯೂನಿವರ್ಸಿಟಿಯಲ್ಲಿ ಕಲಿಸುತ್ತಿದ್ದ ಮಂಗಳೂರಿನ ರೋಷನ್ ಸರ್ ಮನೆಯಲ್ಲಿ ಅಡುಗೆಗಿದ್ದೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಯೂನಿವರ್ಸಿಟಿ ಪಂಡಿತನೂ ಪಾದ್ರಿಯೂ ಆಗಿದ್ದ ಒಬ್ಬ ಇಂಗ್ಲಿಷರವನ ಜೀವನವನ್ನು ಅವರು ಬರೆಯುತ್ತಿದ್ದರು. ಬರವಣಿಗೆ ನಿಂತುಹೋಗಿತ್ತು.

"ಈ ಪುಸ್ತಕ ಆಗದಿದ್ರೆ ನನ್ನ ಕೆಲಸ ಖಲಾಸ್, ತುಕ್ರಣ್ಣ."

"ಸತ್ತವರಿಗೆ ಒಂದು ಎಲೆ ಬಡಿಸುವ, ಸರ್. ಉಂಡರೆ ಆ ಪಾದ್ರಿಯೇ ದಾರಿ ತೋರಿಸ್ತಾರೆ."

"ನಿಮ್ಮ ಬಂಗುಡೆ ಸಾರು ಅವನಿಗೆ ಖಾರ ಆಗ್ತದೆ ಮಾರಾಯ್ರೆ!" ಎಂದು ನಕ್ಕರು.

ನಮ್ಮ ಊರಿನ ಕ್ರಮದಂತೆ ಮಧ್ಯಾಹ್ನ ಅವರ ಓದುವ ಕೋಣೆಯಲ್ಲಿ ಬಡಿಸಿ, ಬಾಗಿಲು ಹಾಕಿ ಹೊರಗೆ ನಿಂತೆವು. ಒಳಗೆ ಕುರ್ಚಿ ಎಳೆದ ಸದ್ದಾಯಿತು. ಏಸಿ ಕೆಟ್ಟಿದ್ದರೂ ಬಾಗಿಲಿನಡಿಯಿಂದ ಪಾದಕ್ಕೆ ತಣ್ಣನೆ ಗಾಳಿ ಬಂತು, ಜೊತೆಗೆ ಒದ್ದೆ ಉಣ್ಣೆಯ ವಾಸನೆ.

"ತಟ್ಟದೆ ತೆಗೀಬೇಡಿ ಸರ್, ಉಂಡವರು ಏಳಬೇಕು" ಎನ್ನುವಷ್ಟರಲ್ಲಿ ಅವರು ಒಳಗೆ ಹೋಗಿಯಾಗಿತ್ತು.

ಪುಸ್ತಕ ಮುಗಿಯಿತು, ಕೆಲಸವೂ ಉಳಿಯಿತು. ಆದರೆ ಆ ಮಧ್ಯಾಹ್ನದಿಂದ ನಾನು ಕನ್ನಡದಲ್ಲಿ ಏನು ಕೇಳಿದರೂ ರೋಷನ್ ಸರ್‌ಗೆ ಅರ್ಥವಾಗಲಿಲ್ಲ; ನನ್ನ ಬಂಗುಡೆ ಸಾರೂ ಅವರಿಗೆ ಖಾರವಾಗತೊಡಗಿತು.